ರಕ್ತ ಮುಟ್ಟದ ಗಿಟಲ್

ಬಾಲಾಕ್ಲಾವಾ, ಮೆಲ್ಬರ್ನ್
ಫೆಬ್ರವರಿ 6

ಅಪ್ಪಾ,

ಜೊತೆಗಿರುವ ಪೊಟ್ಟಣ ಬಿಚ್ಚುವ ಮೊದಲು ಈ ಕಾಗದ ಓದಿ. ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುತ್ತದೆ, ಕೇಳಿಸದ ಅರ್ಧಕ್ಕೆ ಬೈಯುತ್ತೀರಿ.

ನನ್ನ ಕಾದಂಬರಿ ಅಚ್ಚಾಗಿದೆ. ಹೆಸರು ‘ಗಿಟಲಳ ಹಸಿವು’. ಇಷ್ಟು ವರ್ಷ ಕದ ಹಾಕಿಕೊಂಡು ಏನು ಬರೆಯುತ್ತೀ ಎಂದು ಕೇಳುತ್ತಿದ್ದಿರಲ್ಲ, ಇದೇ. ಗಿಟಲ್ ಪೋಲೆಂಡಿನ ಒಬ್ಬ ಯಹೂದಿ ವಿಧವೆ. ಒಂದು ರಕ್ತಪಿಶಾಚಿ ಅವಳನ್ನು ಕಚ್ಚುತ್ತದೆ, ಅವಳೂ ಪಿಶಾಚಿಯಾಗುತ್ತಾಳೆ. ಸಾವಿಲ್ಲ, ಬಿಸಿಲು ಆಗದು, ರಕ್ತ ಬಿಟ್ಟು ಬೇರೇನೂ ರುಚಿಸದು. ಆದರೆ ಅವಳು ನಮ್ಮವಳು. ನಮ್ಮ ಧರ್ಮದಲ್ಲಿ ರಕ್ತ ನಿಷಿದ್ಧ. ಆಮೇಲಿನದನ್ನು ನೀವೇ ಓದಿ.

ಯಾವ ಪ್ರಕಾಶಕರೂ ತೆಗೆದುಕೊಳ್ಳಲಿಲ್ಲ, ನಾನೇ ಅಚ್ಚು ಹಾಕಿಸಿದೆ. ಮಾರುವುದೂ ನಾನೇ. ನಮ್ಮ ಯಹೂದಿ ಪುಸ್ತಕದ ಅಂಗಡಿಯವನು ‘ಇದರಲ್ಲಿ ದೆವ್ವ ಜಾಸ್ತಿ’ ಎಂದ. ದೆವ್ವದ ಪುಸ್ತಕಗಳನ್ನೇ ಮಾರುವ ಅಂಗಡಿಯವನು ‘ಇದರಲ್ಲಿ ಯಹೂದಿಗಳು ಜಾಸ್ತಿ’ ಎಂದ. ನಾನು ಕೆಲಸ ಮಾಡುವ ಹಲ್ಲಿನ ಡಾಕ್ಟರು ಮಾತ್ರ, ಇಡೀ ದಿನ ಹಲ್ಲು ನೋಡಿ ಸಾಲದೆ ಮನೆಗೆ ಹೋಗಿ ಹಲ್ಲಿನ ಕಥೆಯನ್ನೇ ಬರೆದೆಯಾ ಎಂದು ನಕ್ಕು ಎರಡು ಪ್ರತಿ ಕೊಂಡರು.

ಬಿಡುಗಡೆ ಪೂರಿಮ್ ಹಬ್ಬದ ಭಾನುವಾರ, ಕಾಲ್‌ಫೀಲ್ಡಿನ ನಮ್ಮ ಸಮಾಜದ ಹಾಲ್‌ನಲ್ಲಿ. ಮಕ್ಕಳೆಲ್ಲ ಹೇಗೂ ವೇಷ ಹಾಕಿಕೊಂಡಿರುತ್ತಾರೆ, ಒಂದು ಪಿಶಾಚಿ ಹೆಚ್ಚಾದರೆ ಯಾರಿಗೂ ತಿಳಿಯದು. ಗಸಗಸೆಯ ಮುಮ್ಮೂಲೆ ಕಡುಬು ನಾನೇ ಬೇಯಿಸುತ್ತೇನೆ. ಫ್ರೀಡಾ ಚಿಕ್ಕಮ್ಮನನ್ನೂ ಕರೆದುಕೊಂಡು ಬನ್ನಿ. ಮುಂದಿನ ಸಾಲಿನಲ್ಲಿ ನೀವು ಕೂತಿರಬೇಕು. ಬೇರೆ ಯಾರೂ ಬರದಿದ್ದರೂ ಚಿಂತೆಯಿಲ್ಲ.

ನಿಮ್ಮ
ಪೆರ್ಲಾ


ಗೋಲ್ಡ್ ಕೋಸ್ಟ್
ಫೆಬ್ರವರಿ 17

ಪೆರ್ಲಾ,

ಪುಸ್ತಕ ವಾಪಸ್ಸು ಕಳಿಸಿದ್ದೇನೆ. ಹಿಂದಿನ ರಟ್ಟಿನ ಮೇಲೆ ಇದ್ದದ್ದನ್ನು ಓದಿದೆ, ಅಷ್ಟೇ ಸಾಕಾಯಿತು. ಸಾರು ಹಳಸಿದೆ ಎಂದು ತಿಳಿಯಲು ಪಾತ್ರೆ ಪೂರ್ತಿ ಕುಡಿಯಬೇಕಾಗಿಲ್ಲ.

ನಾನು ಬಾಲಾಕ್ಲಾವಾದ ಕಾರ್ಲೈಲ್ ಬೀದಿಯಲ್ಲಿ ನಲವತ್ತು ವರ್ಷ ಮಾಂಸದ ಅಂಗಡಿ ಇಟ್ಟಿದ್ದವನು. ಏನು ಮಾಡಿದೆ ಆ ನಲವತ್ತು ವರ್ಷ? ಮಾಂಸ ನೆನೆಸಿದೆ, ಉಪ್ಪು ಸವರಿದೆ, ಓರೆ ಹಲಗೆಯ ಮೇಲಿಟ್ಟು ರಕ್ತ ಬಸಿದೆ. ನನ್ನ ಬೆರಳ ಸಂದು ಉಪ್ಪಿನಿಂದ ಒಡೆದಿರುವುದನ್ನು ನೋಡಿಯೇ ನೀನು ಬೆಳೆದೆ. ಮೊಟ್ಟೆಯೊಳಗೆ ಒಂದು ಕೆಂಪು ಚುಕ್ಕೆ ಕಂಡರೆ ನಿನ್ನಮ್ಮ ಮೊಟ್ಟೆಯನ್ನೇ ಎಸೆಯುತ್ತಿದ್ದಳು, ಮನೆಯಲ್ಲಿ ಬೇರೆ ಮೊಟ್ಟೆ ಇರದಿದ್ದರೂ. ಅಂಥ ಮನೆಯಲ್ಲಿ ಹುಟ್ಟಿ ರಕ್ತ ಬಯಸುವ ಯಹೂದಿ ಹೆಂಗಸಿನ ಕಥೆ ಬರೆದೆ.

ನನ್ನ ಅಪ್ಪ ಹೇಗೆ ಸತ್ತರು ಎಂಬುದು ನಿನಗೆ ಗೊತ್ತಿಲ್ಲದಿದ್ದರೆ ಹುಡುಗಾಟಿಕೆ ಎಂದು ಬಿಡುತ್ತಿದ್ದೆ. ಆದರೆ ನಿನಗೆ ಗೊತ್ತು. ಅವರು ನಾತ್ಸಿಗಳ ಶಿಬಿರದಿಂದ ಜೀವ ಹಿಡಿದುಕೊಂಡು ಪೋಲೆಂಡಿನ ನಮ್ಮ ಊರಿಗೆ ಬಂದರು. ನನ್ನ ಅಮ್ಮನೂ ಸಿಕ್ಕಳು. ಇಬ್ಬರೂ ಒಂದು ಕೋಣೆ ಹಿಡಿದರು. ಯುದ್ಧ ಮುಗಿದು ವರ್ಷವಾಗಿತ್ತು. ಊರಿನ ಒಂದು ಹುಡುಗಿ ಯಾರಿಗೂ ಹೇಳದೆ ಸೋದರತ್ತೆಯ ಮನೆಗೆ ಹೋದಳು. ಯಹೂದಿಗಳು ಹಬ್ಬದ ರೊಟ್ಟಿಗೆ ರಕ್ತ ಬೇಕೆಂದು ಅವಳನ್ನು ಹಿಡಿದಿಟ್ಟಿದ್ದಾರೆ ಎಂದು ಯಾರೋ ಅಂದರು. ಸಂಜೆ ಹುಡುಗಿ ನಡೆದುಕೊಂಡು ಮನೆಗೆ ಬಂದಳು. ಅಷ್ಟರೊಳಗೆ ಕಬ್ಬಿಣದ ಸಲಾಕೆ ಹಿಡಿದವರು ನಮ್ಮ ಮನೆಗೆ ಬಂದು ಹೋಗಿಯಾಗಿತ್ತು. ಹಿಟ್ಲರನಿಗೆ ಆಗದ ಕೆಲಸವನ್ನು ಅಕ್ಕಪಕ್ಕದವರು ಮಾಡಿ ಮುಗಿಸಿದ್ದರು. ಅಮ್ಮ ಬ್ರೆಡ್ ತರಲು ಹೋಗಿದ್ದಳು, ಅದರಿಂದ ಉಳಿದಳು. ಅವಳ ಹೊಟ್ಟೆಯಲ್ಲಿ ನಾನಿದ್ದೆ.

ಒಂದು ಮಾತು ಸಾಕಾಯಿತು, ಪೆರ್ಲಾ. ಅದು ಬರೀ ಬಾಯಿಮಾತು, ಅದಕ್ಕೆ ಹಲ್ಲಿರಲಿಲ್ಲ. ನೀನು ಈಗ ಹಲ್ಲು ಇಟ್ಟುಕೊಟ್ಟಿದ್ದೀ.

ನಾನು ಬರುವುದಿಲ್ಲ. ಫ್ರೀಡಾಳೂ ಬರುವುದಿಲ್ಲ. ಆ ಸಮಾರಂಭ ನಡೆಯಲೂಬಾರದು.

ಅಪ್ಪ


ಬಾಲಾಕ್ಲಾವಾ
ಮಾರ್ಚ್ 9

ಅಪ್ಪಾ,

‘ನಡೆಯಬಾರದು’ ಎಂದು ನೀವು ಬರೆದಾಗ ಅದು ನಿಮ್ಮ ಆಸೆ ಎಂದುಕೊಂಡಿದ್ದೆ. ಕೆಲಸ ಆಗಲೇ ಶುರುವಾಗಿತ್ತೆಂದು ಗೊತ್ತಿರಲಿಲ್ಲ.

ನಿನ್ನೆ ಹಾಲ್‌ನ ಕಾರ್ಯದರ್ಶಿ ಝಲ್ಮನ್ ಕುಶ್ನರ್ ನನ್ನನ್ನು ಕರೆಸಿದರು. ಟೀ ಕೊಟ್ಟರು. ಹವೆ, ಬಾಗಿಲ ಕಾವಲಿನವರು, ಅವರ ಹೆಂಡತಿಯ ಮೊಣಕಾಲು, ಎಲ್ಲ ಮುಗಿದ ಮೇಲೆ, ಪುಸ್ತಕ ಬಿಡುಗಡೆಗೆ ಹಾಲ್ ಕೊಡಲಾಗುವುದಿಲ್ಲ ಎಂದರು. ಹಿರಿಯರೊಬ್ಬರಿಗೆ ನೋವಾಗಿದೆಯಂತೆ. ಯಾವ ಹಿರಿಯರು, ನಾನೇ ಹೋಗಿ ಮಾತಾಡುತ್ತೇನೆ ಎಂದೆ. ಕುಶ್ನರ್ ಟೈ ಸಡಿಲ ಮಾಡಿಕೊಂಡರು.

“ಮಾತಾಡೋಕೆ ಗೋಲ್ಡ್ ಕೋಸ್ಟಿಗೆ ಹೋಗ್ಬೇಕಾಗುತ್ತೆ ಕಣಮ್ಮ. ನಿಮ್ಮಪ್ಪನೇ.”

ಆ ಟೀ ಕಪ್ಪನ್ನು ಮೇಜಿನ ಮೇಲೆ ಹೇಗೆ ಇಟ್ಟೆನೋ ನನಗೆ ಗೊತ್ತಿಲ್ಲ. ಒಡೆಯಲಿಲ್ಲ ಎಂಬುದಷ್ಟು ಗೊತ್ತು.

ನೀವು ಓದದೆ ಬೈದಿರಿ, ಸರಿ, ಅಪ್ಪನೆಂದು ಸಹಿಸಿದೆ. ಆದರೆ ಬೆನ್ನ ಹಿಂದೆ ಕಾಗದ ಬರೆದು ಮಗಳ ಬಾಯಿ ಮುಚ್ಚಿಸುವುದು? ಇಷ್ಟು ದಿನ ನಾನು ಊರಿನ ಗ್ರಂಥಾಲಯಗಳಿಗೆಲ್ಲ ಕೈಮುಗಿದು, ಮುಖ ತಿಳಿಯದವರಿಗೆಲ್ಲ ಪ್ರತಿ ಕಳಿಸಿ, ಫೋನಿನ ಮುಂದೆ ಕೂತು ಕೋರೆಹಲ್ಲು ಹಾಕಿಕೊಂಡು ವಿಡಿಯೋ ಮಾಡಿ, ನನ್ನ ಪುಸ್ತಕ ಓದಿ, ನನ್ನ ಪುಸ್ತಕ ಓದಿ ಎಂದು ಭಿಕ್ಷೆ ಬೇಡಿದಂತೆ ಬೇಡಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಮೊದಲ ಸಲ ಒಬ್ಬರು ನನ್ನ ಪುಸ್ತಕವನ್ನು ಗಂಭೀರವಾಗಿ ತೆಗೆದುಕೊಂಡರು, ಅವರು ನೀವು, ಅದೂ ಮುಚ್ಚಿಸಲು.

ನೀವು ಒಂದು ಅಧ್ಯಾಯ ಓದಿದ್ದರೂ ತಿಳಿಯುತ್ತಿತ್ತು: ಗಿಟಲ್ ರಕ್ತ ಮುಟ್ಟುವುದಿಲ್ಲ. ನೂರು ವರ್ಷ ಹಸಿದಿರುತ್ತಾಳೆ, ಮುಟ್ಟುವುದಿಲ್ಲ. ಇಡೀ ಪುಸ್ತಕ ಅವಳು ಮುಟ್ಟದ ಕಥೆ. ಶಾಲೆಯಲ್ಲಿ ಒಬ್ಬಳು ನನ್ನ ಡಬ್ಬಿಯೊಳಗಿನ ಹಬ್ಬದ ರೊಟ್ಟಿ ಮೂಸಿ, ‘ಇದಕ್ಕೆ ಏನು ಹಾಕ್ತೀರಿ?’ ಎಂದು ಕೇಳಿದ್ದಳು. ಹಿಟ್ಟು, ನೀರು ಎಂದು ಮೆಲ್ಲಗೆ ಹೇಳಿದೆ, ತಪ್ಪು ಮಾಡಿದವಳ ಹಾಗೆ. ಹಾಗೆ ಮೆಲ್ಲಗೆ ಹೇಳಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ತಾತ ಸತ್ತ ರೀತಿ ಗೊತ್ತಿದ್ದೂ ಬರೆದೆ ಎಂದಿರಿ. ಗೊತ್ತಿದ್ದರಿಂದಲೇ ಬರೆದೆ. ಆ ಸುಳ್ಳು ಅವರ ಕೈಯಲ್ಲಿ ಎಷ್ಟು ಕಾಲ ಇರಬೇಕು? ಕಿತ್ತುಕೊಂಡು ನನ್ನದು ಮಾಡಿಕೊಂಡೆ.

ಹಾಲ್ ಇಲ್ಲದಿದ್ದರೆ ಬೀದಿ ಇದೆ. ಸೇಂಟ್ ಕಿಲ್ಡಾ ಕಡಲದಂಡೆಯ ಭಾನುವಾರದ ಸಂತೆಯಲ್ಲಿ ಜಾಗ ಹಿಡಿದಿದ್ದೇನೆ. ಪೋಸ್ಟರ್ ಅಚ್ಚಿಗೆ ಹೋಗಿದೆ. ಅದರ ಮೇಲೆ ಏನಿದೆಯೆಂದು ಬೇರೆಯವರಿಂದ ತಿಳಿಯುವ ಮೊದಲು ನನ್ನಿಂದಲೇ ತಿಳಿಯಲಿ: ‘ಬರೆದವಳ ಅಪ್ಪನೇ ನಿಲ್ಲಿಸಲು ನೋಡಿದ ಪುಸ್ತಕ.’

ಪೆರ್ಲಾ


ಗೋಲ್ಡ್ ಕೋಸ್ಟ್
ಏಪ್ರಿಲ್ 8

ಪೆರ್ಲಾ,

ಇದನ್ನು ನಿನ್ನ ಅಪ್ಪನಿಗೆ ತಿಳಿಯದ ಹಾಗೆ ಬರೆಯುತ್ತಿದ್ದೇನೆ. ಅವರು ಕ್ಷೌರಕ್ಕೆ ಹೋಗಿದ್ದಾರೆ.

ನಾನು ನಿನ್ನ ಹೆತ್ತವಳಲ್ಲ. ನಿನಗೆ ಬುದ್ಧಿ ಹೇಳಲು ಎಂದೂ ಬಂದವಳಲ್ಲ. ಆದರೆ ಆ ಪೋಸ್ಟರ್ ಇಲ್ಲಿಯವರೆಗೂ ಬಂದಿದೆ, ಫೋನಿನಿಂದ ಫೋನಿಗೆ. ಹೋದ ಶನಿವಾರ ಸಿನಗಾಗ್‌ನಲ್ಲಿ ಪ್ರಾರ್ಥನೆ ಮುಗಿದು ಹೆರಿಂಗ್ ಮೀನಿನ ತಟ್ಟೆಯ ಮುಂದೆ ನಿಂತಿದ್ದಾಗ ಒಬ್ಬ, “ಏನ್ ಫಿಶಲ್, ಮನೇಲಿ ಪಿಶಾಚಿ ಸಾಕಿದ್ದೀಯಂತೆ” ಎಂದ. ಎಲ್ಲ ನಕ್ಕರು. ನಿನ್ನ ಅಪ್ಪ ತಟ್ಟೆ ಅಲ್ಲೇ ಇಟ್ಟು ಬಂದರು. ಈ ಶನಿವಾರ ಹೋಗಲಿಲ್ಲ. ಇಷ್ಟು ವರ್ಷಗಳಲ್ಲಿ ಜ್ವರ ಬಂದಾಗಲೂ ತಪ್ಪಿಸಿದವರಲ್ಲ.

ಪುಸ್ತಕ ಮಾರು, ಅದು ನಿನ್ನ ಹಕ್ಕು. ಅಪ್ಪನನ್ನು ಮಾರಬೇಡ.

ಇನ್ನೊಂದು ಮಾತು. ಒಂದು ಪ್ರತಿ ನಾನು ತರಿಸಿಕೊಂಡಿದ್ದೇನೆ. ಹೊಲಿಗೆ ಯಂತ್ರದ ಪೆಟ್ಟಿಗೆಯಲ್ಲಿಟ್ಟು ಓದುತ್ತಿದ್ದೇನೆ. ಆ ಗಿಟಲ್ ಹಾಳಾದವಳು, ನನ್ನ ನಿದ್ದೆ ಕೆಡಿಸಿದ್ದಾಳೆ.

ಫ್ರೀಡಾ


ಬಾಲಾಕ್ಲಾವಾ
ಮೇ 6

ಅಪ್ಪಾ,

ಪೋಸ್ಟರ್ ತೆಗೆದುಹಾಕಿದ್ದೇನೆ. ಪುಸ್ತಕವನ್ನೂ. ಗೆದ್ದಿರಿ. ಹೇಗೆ ಗೆದ್ದಿರೆಂದು ನಾನೇ ಹೇಳಬೇಕು, ಬೇರೆಯವರು ಹೇಳಿದರೆ ಇನ್ನಷ್ಟು ಕೆಟ್ಟದಾಗಿ ಕೇಳಿಸುತ್ತದೆ.

ಪಾಸೋವರ್ ಹಬ್ಬ ಮುಗಿದ ಮೇಲಿನ ಭಾನುವಾರ ಸಂತೆಗೆ ಒಬ್ಬ ಬಂದ. ಚೊಕ್ಕ ಸ್ವೆಟರ್, ಚೊಕ್ಕ ಮಾತು, ಮೂವತ್ತು ದಾಟಿರಲಿಕ್ಕಿಲ್ಲ. ರಟ್ಟಿನ ಹಿಂದಿನದನ್ನು ನಿಧಾನವಾಗಿ ಓದಿ ನಕ್ಕ. “ಅಂತೂ ನಿಮ್ಮವರೇ ಒಬ್ರು ಒಪ್ಕೊಂಡ್ರಲ್ಲ” ಎಂದ. ನಾನು ತಮಾಷೆ ಎಂದುಕೊಂಡೆ ಅಪ್ಪಾ. ನಾನೂ ನಕ್ಕೆ. ಸಹಿ ಕೇಳಿದ, ಹಾಕಿಕೊಟ್ಟೆ. ಪುಸ್ತಕ ಹಿಡಿದು ನನ್ನ ಪಕ್ಕ ನಿಂತು ಫೋಟೋ ತೆಗೆದುಕೊಂಡ. ಇಡೀ ಬೆಳಿಗ್ಗೆ ಯಾರೂ ಸುಳಿದಿರಲಿಲ್ಲ, ಒಬ್ಬ ಓದುಗ ಸಿಕ್ಕನೆಂದು ನಾನು ಹಲ್ಲು ಬಿಟ್ಟು ನಿಂತಿದ್ದೇನೆ. ಆ ಫೋಟೋದಲ್ಲಿ ಅದು ಚೆನ್ನಾಗಿ ಬಂದಿದೆ.

ಸಂಜೆಯೊಳಗೆ ಅದು ಊರೂರು ಸುತ್ತಿತ್ತು. ಕೆಳಗೆ ಬರೆದಿದ್ದು: ‘ಇವರೇ ಬರೆದುಕೊಟ್ಟ ತಪ್ಪೊಪ್ಪಿಗೆ. ಸಹಿ ಸಮೇತ.’ ಮರುದಿನದಿಂದ ಪುಸ್ತಕಕ್ಕೆ ಬೇಡಿಕೆ ಬರತೊಡಗಿತು. ನಾನು ಹೆಸರೂ ಕೇಳದ ಊರುಗಳಿಂದ. ತಿಂಗಳುಗಟ್ಟಲೆ ಯಾರಾದರೂ ಕೊಳ್ಳಲಿ ಎಂದು ಹಾರೈಸಿದ್ದೆನಲ್ಲ, ಕೊಂಡರು. ಕೊಂಡವರು ಬರೆದ ಮಾತುಗಳನ್ನು ನಿಮಗೆ ಬರೆಯಲು ನನಗೆ ಕೈ ಬರುವುದಿಲ್ಲ. ನೀವು ಅವನ್ನು ಹುಟ್ಟುವ ಮೊದಲೇ ಕೇಳಿದ್ದೀರಿ.

ಎಲ್ಲ ಕಡೆ ಮಾರಾಟ ನಿಲ್ಲಿಸಿದೆ. ಉಳಿದ ಪ್ರತಿಗಳು ಕಾರಿನ ಹಿಂದೆ ಬಿದ್ದಿವೆ. ಹಲ್ಲಿನ ಡಾಕ್ಟರು ಎರಡು ದಿನ ರಜೆ ಕೊಟ್ಟರು, ಯಾಕೆಂದು ಕೇಳಲಿಲ್ಲ.

ನೀವು ಹೇಳಿದಂತೆಯೇ ಆಯಿತು. ಈಗ ಸಿನಗಾಗ್‌ಗೆ ಹೋಗಿ, ಹೆರಿಂಗ್ ತಿನ್ನಿ. ನಿಮ್ಮ ಮೇಲಿನ ಸಿಟ್ಟು ಹೋಗಿದೆ ಎಂದುಕೊಳ್ಳಬೇಡಿ. ನೀವು ಹೇಳಿದ್ದು ನಿಜವಾಯಿತು ಎಂಬುದಕ್ಕೇ ಅದು ದುಪ್ಪಟ್ಟಾಗಿದೆ.

ಪೆರ್ಲಾ


ಗೋಲ್ಡ್ ಕೋಸ್ಟ್
ಮೇ 15

ಪೆರ್ಲಾ,

ನಾನು ಗೆದ್ದೆನೇ?

ಅಪ್ಪ ನಿಲ್ಲಿಸು ಅಂದಾಗ ಊರಿಗೆಲ್ಲ ಪೋಸ್ಟರ್ ಅಂಟಿಸಿದವಳು ನೀನು. ಒಬ್ಬ ಪೋಕರಿ ಸ್ವೆಟರ್ ಹಾಕಿಕೊಂಡು ಬಂದು ಹಲ್ಲು ಕಿರಿದ ಕೂಡಲೇ ಅಂಗಡಿ ಮುಚ್ಚಿದೆಯಾ? ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ, ಅವನ ಮಾತಿಗೆ ಇದೆ. ಇದನ್ನು ಯಾವ ಅಪ್ಪ ಸಹಿಸಬೇಕು?

ನಿನ್ನ ಕಾಗದ ಓದಿ ನಾನು ಕೂಗಾಡಿದ್ದಕ್ಕೆ ಫ್ರೀಡಾ ಹೊಲಿಗೆ ಯಂತ್ರದ ಪೆಟ್ಟಿಗೆ ತೆರೆದು ಪುಸ್ತಕವನ್ನು ನನ್ನ ಮುಂದೆ ಕುಕ್ಕಿದಳು. ‘ಮೊದಲು ಓದಿ, ಆಮೇಲೆ ಗೋಡೆ ಅಲುಗಾಡಿಸಿ’ ಎಂದಳು. ಓದಿದೆ.

ಕೊನೆ ನನಗೆ ಹಿಡಿಸಲಿಲ್ಲ. ನೂರು ವರ್ಷ ಹಸಿವು ತಡೆದವಳು ಕಡೆಗೆ ಬಳಲಿ ಬೆಳಗಿನ ಬಿಸಿಲಿಗೆ ನಡೆದುಹೋಗಿ ಬೂದಿಯಾಗುತ್ತಾಳಲ್ಲ, ಯಾಕೆ? ನನ್ನ ಅಮ್ಮ ಬೂದಿಯಾಗಲಿಲ್ಲ. ಕೂಸು ಕಟ್ಟಿಕೊಂಡು ಹಡಗು ಹತ್ತಿದಳು. ಇಲ್ಲಿ ಬಂದು ಬೇರೆಯವರ ಅಂಗಡಿಯಲ್ಲಿ ಕೋಳಿಯ ಪುಕ್ಕ ಕಿತ್ತಳು. ತೊಂಬತ್ತರವರೆಗೆ ಬದುಕಿ ಎಲ್ಲರನ್ನೂ ಬೈದಳು. ಸತ್ತು ತೋರಿಸುವುದೇನು ದೊಡ್ಡಸ್ತಿಕೆ? ಬದಲಿಸು.

ಗಿಟಲ್ ಒಂದು ಮನೆಯ ಕೂಸಿನ ತೊಟ್ಟಿಲ ಬಳಿ ನಿಂತು, ಅದರ ಕತ್ತನ್ನು ನೋಡಿ, ಕಂಬಳಿ ಸರಿಮಾಡಿ ಹಿಂದಿರುಗುವ ಜಾಗವನ್ನು ಎರಡು ಸಲ ಓದಿದೆ. ಅದರ ಬಗ್ಗೆ ನಾನೇನೂ ಬರೆಯುವುದಿಲ್ಲ.

ಹಾಲ್ ವಿಷಯದಲ್ಲಿ ನಾನು ಮಾಡಿದ್ದು ಸರಿ ಎಂದೇ ಈಗಲೂ ನನ್ನ ಎಣಿಕೆ. ನಮ್ಮವರ ಹಾಲ್‌ನಲ್ಲಿ ಏನು ನಡೆಯಬೇಕು, ನಡೆಯಬಾರದು ಎಂದು ನಾವು ಜಗಳವಾಡಿಕೊಳ್ಳೋಣ. ಅವನು ಯಾರು ಹೇಳಲು? ಪುಸ್ತಕವನ್ನು ಮತ್ತೆ ಮಾರಾಟಕ್ಕೆ ಇಡು. ಮುಂದಿನ ತಿಂಗಳು ನಾನೇ ಬರುತ್ತೇನೆ. ಆ ಸಂತೆಯಲ್ಲಿ ನನಗೊಂದು ಕುರ್ಚಿ ಹಾಕು. ಬೆನ್ನು ಇರುವ ಕುರ್ಚಿ.

ಅಪ್ಪ


ಬಾಲಾಕ್ಲಾವಾ
ಮೇ 24

ಅಪ್ಪಾ,

ಮತ್ತೆ ಇಟ್ಟಿದ್ದೇನೆ. ನೀವು ಹೇಳಿದಿರೆಂದಲ್ಲ. ನಿಮ್ಮ ಕಾಗದ ಓದಿ ಬಂದ ಸಿಟ್ಟಿಗೆ ಇಟ್ಟೆ.

ಕೊನೆ ಬದಲಿಸುವುದಿಲ್ಲ. ಒಂದು ಅಕ್ಷರವನ್ನೂ ಇಲ್ಲ. ಅಜ್ಜಿಯ ಕಥೆ ಬೇಕಿದ್ದರೆ ನೀವೇ ಬರೆಯಿರಿ, ಅದನ್ನೂ ನಾನೇ ಮಾರುತ್ತೇನೆ.

ಹಾಲ್ ವಿಷಯಕ್ಕೆ ನೀವು ಕ್ಷಮೆ ಕೇಳಲಿಲ್ಲ. ಪೋಸ್ಟರ್ ವಿಷಯಕ್ಕೆ ನಾನೂ ಕೇಳುವುದಿಲ್ಲ.

ಇಲ್ಲಿ ಚಳಿ ಶುರುವಾಗಿದೆ. ದಪ್ಪ ಕೋಟು ತನ್ನಿ.

ಪೆರ್ಲಾ


ಬಾಲಾಕ್ಲಾವಾ
ಜೂನ್ 18

ಫ್ರೀಡಾ ಚಿಕ್ಕಮ್ಮ,

ಅಪ್ಪ ಊರು ತಲುಪಿರುತ್ತಾರೆ. ಇಲ್ಲಿ ಏನಾಯಿತೆಂದು ಕೇಳಿದರೆ ‘ಏನೂ ಇಲ್ಲ, ಗಾಳಿ ಜೋರಿತ್ತು’ ಎನ್ನುತ್ತಾರೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಗಾಳಿ ಜೋರಾಗಿಯೇ ಇತ್ತು. ಅಪ್ಪ ಟೈ ಕಟ್ಟಿಕೊಂಡು, ಟೋಪಿ ಒತ್ತಿಕೊಂಡು, ನನ್ನ ಪುಟ್ಟ ಮೇಜಿನ ಹಿಂದೆ ಮದುವೆ ಮನೆಯ ಯಜಮಾನನ ಹಾಗೆ ಕೂತರು. ಮೊದಲ ಒಂದು ಗಂಟೆ ನನ್ನ ವ್ಯಾಪಾರ ಪೂರ್ತಿ ಹಾಳು ಮಾಡಿದರು. ಪುಸ್ತಕ ಕೈಗೆತ್ತಿಕೊಂಡವರನ್ನೆಲ್ಲ, ಇದನ್ನು ಯಾಕೆ ಕೊಳ್ಳುತ್ತೀರಿ ಎಂದು ವಿಚಾರಣೆ ಮಾಡಿದರು. ಒಬ್ಬ ಹೆಂಗಸು ತನಗೆ ಪಿಶಾಚಿ ಕಥೆಗಳೆಂದರೆ ಇಷ್ಟ ಎಂದಳು. ಇವರು, ಇದರಲ್ಲಿ ಪಿಶಾಚಿ ಯಾರನ್ನೂ ಕಚ್ಚುವುದಿಲ್ಲ, ಆಮೇಲೆ ಬಂದು ನನ್ನನ್ನು ಕೇಳಬೇಡಿ ಎಂದರು. ಅವಳು ಇಟ್ಟು ಹೋದಳು. ನಾನು ಹಲ್ಲು ಕಚ್ಚಿಕೊಂಡು, ಹೋಗಿ ಕಡಲು ನೋಡಿಕೊಂಡು ಬನ್ನಿ ಎಂದೆ. ಕಡಲು ಗೋಲ್ಡ್ ಕೋಸ್ಟಿನಲ್ಲೂ ಇದೆ ಎಂದರು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಫೋನ್ ಮುಂದೆ ಹಿಡಿದುಕೊಂಡು ಬಂದ. ಮೊದಲಿನವನಲ್ಲ, ಬೇರೆಯವನು. ಆ ಫೋಟೋ ನೋಡಿ ಬಂದವನು ಎಂದು ನಡಿಗೆಯಲ್ಲೇ ಗೊತ್ತಾಯಿತು. ಅವನು ನನ್ನನ್ನು ಬಿಟ್ಟು ಅಪ್ಪನ ಕಡೆ ಫೋನ್ ತಿರುಗಿಸಿದ.

“ಇದೇ ಅಲ್ವಾ ತಾತ, ನೀವೇನು ಕುಡೀತೀರಿ ಅಂತ ನೀವೇ ಬರ್ಕೊಂಡಿರೋ ಪುಸ್ತಕ?”

ಅಪ್ಪ ಕಿವಿಯ ಯಂತ್ರದ ಮೇಲೆ ಬೆರಳಿಟ್ಟರು. “ಕಿವಿ ಮಂದ ಕಣಪ್ಪ. ಇನ್ನೊಂದ್ಸಲ ಹೇಳು.”

ಅವನು ಹೇಳಿದ. ಎರಡನೆಯ ಸಲಕ್ಕೆ ದನಿ ಸ್ವಲ್ಪ ಇಳಿದಿತ್ತು.

“ಕೇಳಿಸ್ಲಿಲ್ಲ. ಜೋರಾಗಿ ಹೇಳು. ಇಲ್ಲಿರೋರೆಲ್ಲ ಕೇಳ್ಲಿ.”

ಪಕ್ಕದಲ್ಲಿ ಜೇನುತುಪ್ಪ ಮಾರುವವಳು ತಿರುಗಿ ನೋಡಿದಳು. ಅವಳ ಗಿರಾಕಿಗಳೂ ನೋಡಿದರು. ಅವನು ಸುತ್ತ ಕಣ್ಣು ಹಾಯಿಸಿ ಒಂದು ಹೆಜ್ಜೆ ಹಿಂದೆ ಇಟ್ಟ. ಅಪ್ಪ ಮೇಜು ಹಿಡಿದು ಎದ್ದು ನಿಂತರು.

“ಇದೇ ಮಾತು ಹೇಳಿ ನಮ್ಮಪ್ಪನ್ನ ಹೊಡೆದು ಸಾಯಿಸಿದ್ರು. ಅವರು ಗುಂಪಾಗಿ ಬಂದಿದ್ರು, ಅದಕ್ಕೆ ಜೋರಾಗಿ ಹೇಳೋಕಾಯ್ತು. ನೀನು ಒಬ್ನೇ ಬಂದಿದ್ದೀಯ. ಹೇಳು, ನೋಡೋಣ.”

ಅವನು ಫೋನ್ ಇಳಿಸಿದ. ಏನೋ ಗೊಣಗಿಕೊಂಡು, ನಗುವ ಹಾಗೆ ಮಾಡಿ, ಜನರ ಮಧ್ಯೆ ಹೋಗಿಬಿಟ್ಟ. ಜೇನುತುಪ್ಪದವಳು ಅಪ್ಪನಿಗೆ ಟೀ ತಂದುಕೊಟ್ಟಳು. ಅವರು ಕೂತರು. ಕೈ ಎಷ್ಟು ನಡುಗುತ್ತಿತ್ತೆಂದರೆ ಟೀ ಟೈ ಮೇಲೆಲ್ಲ ಚೆಲ್ಲಿತು, ನಾನು ಕಪ್ಪು ಹಿಡಿದುಕೊಂಡು ಕುಡಿಸಿದೆ. ಚಿಕ್ಕಮ್ಮ, ನಾನು ಹುಟ್ಟಿದಾಗಿನಿಂದ ಅವರ ಸಿಟ್ಟನ್ನು ಕಂಡಿದ್ದೇನೆ. ಆ ನಡುಕವನ್ನು ಕಂಡಿರಲಿಲ್ಲ. ನಾನು ನೋಡಿದೆನೆಂದು ಅವರಿಗೆ ಹೇಳಬೇಡಿ.

ಟೀ ಮುಗಿಸಿ ಟೈ ಒರೆಸಿಕೊಂಡರು. ಆಮೇಲೆ ಒಂದು ಪ್ರತಿ ನನ್ನ ಮುಂದೆ ತಳ್ಳಿ, ಸಹಿ ಹಾಕು ಎಂದರು. ಯಾರ ಹೆಸರಿಗೆ ಎಂದು ಕೇಳಿದೆ.

“ಫಿಶಲ್ ಬ್ರಾಫ್ಮನ್ ಅಂತ ಬರಿ.”

“ನಿಮಗೇನಾ?”

“ನನ್ನ ಹತ್ರ ಫ್ರೀಡಾದು ಇದೆಯಲ್ಲ. ಇದು ನಮ್ಮಪ್ಪಂಗೆ.”

ಅಪ್ಪ ಸತ್ತ ಮೇಲೆ ಹುಟ್ಟಿದ ಮಗನಿಗೆ ಅಪ್ಪನ ಹೆಸರನ್ನೇ ಇಡುವುದು ನಮ್ಮಲ್ಲಿ ಪದ್ಧತಿ. ಅದು ನನಗೇನೂ ಹೊಸತಲ್ಲ. ಆದರೆ ಆ ಹೆಸರನ್ನು ಬೇರೆ ಯಾರದೋ ಹೆಸರೆಂಬಂತೆ ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಬರೆದೆ. ಅಕ್ಷರ ಸೊಟ್ಟಗಾಯಿತು. ‘ಇಷ್ಟು ದೊಡ್ಡ ಪುಸ್ತಕ ಬರೆದವಳಿಗೆ ಒಂದು ಹೆಸರು ನೆಟ್ಟಗೆ ಬರೆಯಲು ಬರುವುದಿಲ್ಲ’ ಎಂದು ಬೈದರು.

ಹಾಲ್‌ನ ಮಾತು ಇಬ್ಬರೂ ಎತ್ತಲಿಲ್ಲ. ನನಗೆ ಆ ಸಿಟ್ಟು ಹಾಗೆಯೇ ಇದೆ, ಅವರಿಗೂ ಅವರದು ಇದೆ. ಆ ಜನ ಇನ್ನೂ ಬರುತ್ತಾರೆ, ಇನ್ನೂ ಬರೆಯುತ್ತಾರೆ. ಬೆಳಿಗ್ಗೆ ಫೋನ್ ತೆರೆಯುವಾಗ ನನಗೆ ಈಗಲೂ ಹೆದರಿಕೆಯಾಗುತ್ತದೆ.

ಸಂಜೆ ಟ್ರಾಮ್‌ನಲ್ಲಿ ಮನೆಗೆ ಹೊರಟೆವು. ಅಪ್ಪ ಪುಸ್ತಕವನ್ನು ಕೋಟಿನ ಜೇಬಿಗೆ ತುರುಕಲು ನೋಡಿದರು, ಹಿಡಿಸಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡರು. ಎದುರಿಗೆ ಕೂತಿದ್ದ ನರ್ಸ್ ಬಟ್ಟೆಯ ಹೆಂಗಸೊಬ್ಬಳು ಬಗ್ಗಿ ಹೆಸರು ಓದಿ, ಹೇಗಿದೆ ಎಂದು ಕೇಳಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

“ನನ್ನ ಮಗಳು ಬರೆದದ್ದು” ಎಂದರು ಅಪ್ಪ. “ಓದಿದ್ರೆ ಮೈ ಉರಿಯುತ್ತೆ. ಓದಿ.”

ನಿಮ್ಮ
ಪೆರ್ಲಾ